ಚಲನ್ ಮೇಲಿನ ಹೆಸರು: ಮಂಡ್ಯದ ಒಬ್ಬ ತಂದೆಯ ಪ್ರಕರಣ

2023ರ ನವೆಂಬರ್‌ನಲ್ಲಿ ಒಬ್ಬ ಹೆಣ್ಣುಮಗಳು ತಮ್ಮ ಅಪ್ಪನನ್ನು ಮೈಸೂರಿನ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಕರೆದುಕೊಂಡು ಬಂದರು. ಅಪ್ಪ ಹೊರಗೆ ಬೆಂಚಿನ ಮೇಲೆ ಕುಳಿತರು. ಮಗಳು ಒಳಗೆ ಬಂದು, ಬಾಗಿಲು ಹಾಕಿ, ಒಂದೇ ಉಸಿರಿಗೆ ಮೂರು ದೂರು ಹೇಳಿದರು. "ಬಸ್ಸಲ್ಲಿ ಸಿಕ್ಕಸಿಕ್ಕವರಿಗೆಲ್ಲ ನನ್ನ ಮಗ ಇಂಗ್ಲೆಂಡಲ್ಲಿದ್ದಾನೆ ಅಂತಾರೆ. ಸೋದರಮಾವ ಸಾಲ ತೀರಿಸ್ತೀನಿ ಅಂದ್ರೆ ಬೇಡ ಅಂತಾರೆ. ರಾತ್ರಿ ಹನ್ನೊಂದೂವರೆ ತನಕ ಫೋನ್ ಹಿಡ್ಕೊಂಡು ಕೂತಿರ್ತಾರೆ." ಆಮೇಲೆ ಸ್ವಲ್ಪ ತಡೆದು ಹೇಳಿದರು: "ತಮ್ಮ ತೀರಿಕೊಂಡು ಒಂಬತ್ತು ತಿಂಗಳಾಯ್ತು ಮೇಡಂ."

ಈ ಪ್ರಕರಣವನ್ನು ಬರೆಯಲು ಆ ಕುಟುಂಬದ ಒಪ್ಪಿಗೆ ಇದೆ. ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. "ಬರೀರಿ, ಆದ್ರೆ ಅವ್ನು ಒಳ್ಳೆ ಹುಡುಗ ಅಂತ ಸುಮ್ನೆ ಬರೀಬೇಡಿ. ಎಲ್ಲರ ಮಕ್ಕಳೂ ಸತ್ತ ಮೇಲೆ ಒಳ್ಳೆಯವ್ರೇ" ಎಂದಿದ್ದರು ಅಪ್ಪ. ಆ ಮಾತನ್ನು ಪಾಲಿಸಲು ನೋಡಿದ್ದೇನೆ.

ಅಪ್ಪನಿಗೆ 57 ವರ್ಷ. ಮಂಡ್ಯ ತಾಲ್ಲೂಕಿನ ಒಂದು ಹಳ್ಳಿ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಎರಡೂವರೆ ಎಕರೆ. ಕಬ್ಬು, ಸ್ವಲ್ಪ ಭತ್ತ, ಮನೆಗೆ ಬೇಕಾದಷ್ಟು ರಾಗಿ. ಮಗಳು ದೊಡ್ಡವಳು, ಮೈಸೂರಿನಲ್ಲಿ ಕೆಲಸ. ಮಗ ಎಂಜಿನಿಯರಿಂಗ್ ಮುಗಿಸಿ 2022ರ ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಎಂಎಸ್‌ಸಿ ಓದಲು ಇಂಗ್ಲೆಂಡಿನ ಶೆಫೀಲ್ಡ್‌ಗೆ ಹೋಗಿದ್ದ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಅಪ್ಪನದೂ ಸಹಿ. ಅಲ್ಲಿನ ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಅವನು ಸಂಜೆ ಹೊತ್ತು ಒಂದು ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದ.

2023ರ ಫೆಬ್ರವರಿಯ ಒಂದು ಮಂಗಳವಾರ ರಾತ್ರಿ ಕೆಲಸ ಮುಗಿಸಿ, ದಿಬ್ಬ ಹತ್ತಿ, ಬಸ್ ಸ್ಟಾಪಿಗೆ ಬಂದವನು ಅಲ್ಲೇ ಕುಸಿದ. ಅಲ್ಲಿ ಆಗ 10 ಗಂಟೆ 40 ನಿಮಿಷ. ಆಂಬುಲೆನ್ಸ್ ಬಂತು, ಎದೆ ಒತ್ತಿದರು, ಶಾಕ್ ಕೊಟ್ಟರು. 11.20ಕ್ಕೆ ಆಸ್ಪತ್ರೆಯಲ್ಲಿ ಮುಗಿಯಿತು ಎಂದರು. ಚಳಿಗಾಲದಲ್ಲಿ ಅವರಿಗಿಂತ ನಾವು ಐದೂವರೆ ಗಂಟೆ ಮುಂದೆ. ಇಲ್ಲಿ ಬುಧವಾರ ಬೆಳಗಿನ ಜಾವ, ಇನ್ನೂ ಕತ್ತಲು. ಆ ರಾತ್ರಿ ತ್ರೀ ಫೇಸ್ ಕರೆಂಟ್ ತಡವಾಗಿ ಬಂದಿತ್ತು. ಅಪ್ಪ ಕಬ್ಬಿಗೆ ನೀರು ಕಟ್ಟುತ್ತಾ ಗದ್ದೆಯಲ್ಲಿದ್ದರು.

"ನಾನು ಎದ್ದೇ ಇದ್ದೆ ಮೇಡಂ" ಎಂದು ಅವರು ಮೊದಲ ದಿನವೇ ಹೇಳಿದರು. "ಮಲಗಿದ್ದಿದ್ರೆ ಬೇರೆ. ಎದ್ದಿದ್ದೆ. ಏನೂ ಗೊತ್ತಾಗ್ಲಿಲ್ಲ."

ದೇಹ ಊರಿಗೆ ಬಂದಿದ್ದು ಹದಿನೇಳನೇ ದಿನ. ಇದ್ದಕ್ಕಿದ್ದಂತೆ ಸತ್ತವರ ವಿಷಯ ಅಲ್ಲಿ ಕರೋನರ್ ಎಂಬ ಅಧಿಕಾರಿಯ ಕೈಗೆ ಹೋಗುತ್ತದೆ. ಪೋಸ್ಟ್‌ಮಾರ್ಟಂ ಆಗಬೇಕು, ದೇಹ ದೇಶ ಬಿಡಲು ಅವರ ಅನುಮತಿ ಬೇಕು. ಆಮೇಲೆ ದೇಹ ಕೆಡದಂತೆ ಔಷಧಿ ಹಾಕಿದ ಪ್ರಮಾಣಪತ್ರ, ಅಂಟುರೋಗ ಇಲ್ಲ ಎಂಬ ಪತ್ರ, ರದ್ದು ಮಾಡಿದ ಪಾಸ್‌ಪೋರ್ಟ್, ನಮ್ಮ ದೂತಾವಾಸದ ನಿರಾಕ್ಷೇಪಣಾ ಪತ್ರ. ಸತ್ತವನ ಪಾಸ್‌ಪೋರ್ಟ್ ಯಾಕೆ ರದ್ದು ಮಾಡಬೇಕು ಎಂದು ಅಪ್ಪನಿಗೆ ಈಗಲೂ ಅರ್ಥವಾಗಿಲ್ಲ. ಇದನ್ನೆಲ್ಲ ಓಡಾಡಿ ಮಾಡಿದ್ದು ಅಲ್ಲಿನ ಕನ್ನಡದ ಹುಡುಗರು. ದುಡ್ಡನ್ನೂ ಅವರೇ ಕೂಡಿಸಿದರು. ಇಂಥ ಹೊತ್ತಿಗೆಂದೇ ಭಾರತ ಸರ್ಕಾರ 2009ರಲ್ಲಿ ಶುರುಮಾಡಿದ ಸಮುದಾಯ ಕಲ್ಯಾಣ ನಿಧಿ ದೂತಾವಾಸಗಳಲ್ಲಿ ಇದೆ. ಆದರೆ ಹಾಗೊಂದು ಇದೆ ಎಂದು ಈ ಮನೆಯವರಿಗೆ ತಿಳಿದಿದ್ದು ಎಲ್ಲ ಮುಗಿದ ಮೇಲೆ.

ಬೆಂಗಳೂರು ವಿಮಾನ ನಿಲ್ದಾಣದ ಸರಕು ವಿಭಾಗದಿಂದ ಪೆಟ್ಟಿಗೆ ಬಂತು. ಊರಲ್ಲಿ ತೆರೆದು ನೋಡಿದರೆ ಮಗನಿಗೆ ಕೋಟು ಹಾಕಿ ಟೈ ಕಟ್ಟಿದ್ದರು. "ಅವ್ನು ಟೈ ಕಟ್ಟಿದ್ದನ್ನ ನಾನು ನೋಡಿದ್ದು ಅವತ್ತೇ" ಎಂದರು ಅಪ್ಪ. ಗದ್ದೆಯ ಹೊಂಗೆಮರದ ಹತ್ತಿರ ಮಣ್ಣು ಮಾಡಿದರು. ಮೂರನೇ ದಿನದ ಹಾಲು ತುಪ್ಪ, ಹನ್ನೊಂದನೇ ದಿನದ ತಿಥಿ ಯಾವತ್ತಿನಿಂದ ಲೆಕ್ಕ ಎಂಬುದೇ ದೊಡ್ಡ ಚರ್ಚೆಯಾಯಿತು. ಸತ್ತ ದಿನದಿಂದ ಎಣಿಸಿದರೆ ಹನ್ನೊಂದು ಯಾವಾಗಲೋ ದಾಟಿತ್ತು. ಮಣ್ಣು ಮಾಡಿದ ದಿನದಿಂದಲೇ ಎಣಿಸಿದರು.

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. ಮೊದಲ ಭೇಟಿಯ ನಂತರ ನನ್ನ ಪುಸ್ತಕದಲ್ಲಿ "ನಿರಾಕರಣೆ" ಎಂದು ಬರೆದುಕೊಂಡೆ. ಮಗ ಸತ್ತಿದ್ದಾನೆ ಎಂದು ಒಪ್ಪುತ್ತಿಲ್ಲ, ಅದಕ್ಕೇ ಬಸ್ಸಿನಲ್ಲಿ ಹಾಗೆ ಹೇಳುತ್ತಾರೆ, ಅದಕ್ಕೇ ರಾತ್ರಿ ಫೋನ್ ಕಾಯುತ್ತಾರೆ. ಸಾಲದ ವಿಷಯವನ್ನು "ತನಗೆ ತಾನೇ ಕೊಟ್ಟುಕೊಳ್ಳುತ್ತಿರುವ ಶಿಕ್ಷೆ" ಎಂದುಕೊಂಡೆ. ಮಗನನ್ನು ಕಳಿಸಿದ್ದು ತಾನೇ ಅಲ್ವಾ, ಹಾಗಾಗಿ. ಎಷ್ಟು ಚೆನ್ನಾಗಿ ಕೂಡಿಬಂತು ನೋಡಿ! ಎರಡನೇ ಭೇಟಿಯಲ್ಲಿ, ಭಾವಮೈದ ಕೊಡುವ ದುಡ್ಡು ತೆಗೆದುಕೊಂಡು ಸಾಲ ಮುಗಿಸಿಬಿಡಿ, ಮನಸ್ಸು ಹಗುರಾಗುತ್ತದೆ ಎಂದು ಸಲಹೆ ಕೊಟ್ಟೆ. ಅವರು ತಲೆಯಾಡಿಸಿದರು. ಮುಂದಿನ ಎರಡು ಭೇಟಿಗೆ ಬರಲೇ ಇಲ್ಲ.

ಮಗಳಿಗೆ ಫೋನ್ ಮಾಡಿ, ನಾನೇ ಮಂಡ್ಯಕ್ಕೆ ಬರುತ್ತೇನೆ ಎಂದೆ. ಬಸ್ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ ಕುಳಿತೆವು. ಸಲಹೆ ಕೊಡುವುದಿಲ್ಲ, ಬರೀ ಕೇಳುತ್ತೇನೆ ಎಂದೆ. ಬಸ್ಸಿನಲ್ಲಿ ಯಾಕೆ ಹಾಗೆ ಹೇಳುತ್ತೀರಿ?

ಅವರು ಕಾಫಿ ಲೋಟವನ್ನು ಪಕ್ಕಕ್ಕಿಟ್ಟರು.

"ಸತ್ತೋದ ಅಂದ್ರೆ ಮಾತು ಅಲ್ಲಿಗೇ ನಿಂತೋಯ್ತದೆ ಮೇಡಂ. ಅಯ್ಯೋ ಪಾಪ ಅಂತಾರೆ, ಕಿಟಕಿ ಕಡೆ ತಿರುಗ್ತಾರೆ. ಇಂಗ್ಲೆಂಡಲ್ಲವ್ನೆ ಅಂದ್ರೆ ಕೇಳ್ತಾರೆ. ಏನ್ ಓದ್ತಾನೆ, ಅಲ್ಲಿ ಚಳಿ ಹೆಂಗೆ, ಊಟಕ್ಕೇನ್ ಮಾಡ್ಕತಾನೆ. ಮದ್ದೂರು ಬರೋಗಂಟ ಮಾತಾಡ್ಬೋದು."

ಸತ್ತಿರುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮಣ್ಣು ಹಾಕಿದ ಕೈ ಅದು. ಮಗನ ಬಗ್ಗೆ ಮಾತಾಡುವವರು ಯಾರೂ ಇಲ್ಲ ಎಂಬುದೇ ಅವರ ಕಷ್ಟ. ಊರಿನವರು ಕೆಟ್ಟವರಲ್ಲ. ಹೆಸರೆತ್ತಿದರೆ ನೋವಾಗುತ್ತದೆ ಎಂದು ಎತ್ತುತ್ತಿರಲಿಲ್ಲ. ಜಗುಲಿಯಲ್ಲಿ ಮಕ್ಕಳ ಕೆಲಸದ ಮಾತು ನಡೆಯುತ್ತಿದ್ದರೆ ಇವರು ಬಂದ ತಕ್ಷಣ ಕಬ್ಬಿನ ರೇಟಿಗೆ ಹಾರುತ್ತಿದ್ದರು. ಮನೆಯಲ್ಲೂ ಅಷ್ಟೇ. ತಾಯಿ ಮಗನ ಫೋಟೋವನ್ನು ನಡುಮನೆಯಿಂದ ತೆಗೆದು ಬೀರುವಿನೊಳಗೆ ಇಟ್ಟಿದ್ದರು. ಒಂಬತ್ತು ತಿಂಗಳಲ್ಲಿ ಆ ಮನೆಯಲ್ಲಿ ಮಗನ ಹೆಸರು ಹೇಳಿದವರು ಬಹುಶಃ ಬ್ಯಾಂಕಿನವರು ಮಾತ್ರ.

ಅದು ನನ್ನನ್ನು ಸಾಲಕ್ಕೆ ತಂದು ನಿಲ್ಲಿಸಿತು.

ಶಿಕ್ಷಣ ಸಾಲ ತೆಗೆದವನು ಸತ್ತರೆ ಸಾಲ ಸಾಯುವುದಿಲ್ಲ. ಜೊತೆಗೆ ಸಹಿ ಹಾಕಿದ ತಂದೆಯ ತಲೆಗೆ ಬರುತ್ತದೆ. ಸಾಲಕ್ಕೆ ವಿಮೆ ಮಾಡಿಸಿದ್ದರೆ ಅದು ತೀರಿಸುತ್ತಿತ್ತು, ಇವರು ಮಾಡಿಸಿರಲಿಲ್ಲ. ಪುಣ್ಯಕ್ಕೆ ಎರಡನೇ ಕಂತು ಬಿಡುಗಡೆಯಾಗಿರಲಿಲ್ಲ. ಉಳಿದದ್ದು ಬಡ್ಡಿ ಸೇರಿ 3 ಲಕ್ಷದ ಆಸುಪಾಸು. ತಿಂಗಳಿಗೆ ಹತ್ತು ಸಾವಿರದ ಹತ್ತಿರ, 36 ಕಂತು. ನಿಮ್ಮ ಖಾತೆಯಿಂದ ತಾನಾಗೇ ಕಡಿತವಾಗುವಂತೆ ಮಾಡಿಕೊಡುತ್ತೇವೆ, ಓಡಾಟ ತಪ್ಪುತ್ತದೆ ಎಂದು ಬ್ಯಾಂಕಿನ ಹುಡುಗಿ ಹೇಳಿದ್ದಳಂತೆ. ಅದನ್ನೂ ಇವರು ಬೇಡ ಎಂದಿದ್ದರು.

ಯಾಕೆ ಎಂದು ಕೇಳಿದೆ. ಅವರು ಅಂಗಿಯ ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ಮೂರು ಚಲನ್‌ಗಳ ಹರಿದ ಅರ್ಧಗಳು. ಬ್ಯಾಂಕಿನ ಸೀಲು, ಮೊತ್ತ, ಖಾತೆಯ ಸಂಖ್ಯೆ. ಮೇಲೆ, ಏಳನೇ ಕ್ಲಾಸು ಓದಿದವರ ದುಂಡು ಅಕ್ಷರದಲ್ಲಿ, ಇನಿಶಿಯಲ್ ಸಮೇತ ಮಗನ ಹೆಸರು.

"ತಿಂಗಳಿಗೊಂದ್ಸಲ ಬರೀಬೋದು ಮೇಡಂ. ಕೌಂಟರಲ್ಲಿ ಆಯಮ್ಮ ಜೋರಾಗಿ ಓದ್ತಾಳೆ, ಇದೇನಾ ಹೆಸ್ರು ಅಂತ. ಊಂ ಕಣವ್ವ, ಇದೇಯ ಅಂತೀನಿ."

ಹೋಟೆಲಿನ ಬಿಲ್ಲನ್ನು ಅವರೇ ಕೊಟ್ಟರು. ನಾನು ಬೇಡ ಎನ್ನಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಪುಸ್ತಕ ತೆಗೆದು "ನಿರಾಕರಣೆ" ಎಂಬುದನ್ನು ಹೊಡೆದು ಹಾಕಿದೆ.

ನಮ್ಮ ವಿದ್ಯೆ ಇಲ್ಲಿ ಏನು ಹೇಳುತ್ತದೆ ಎಂದು ಸ್ವಲ್ಪ ನೋಡೋಣ. ಫ್ರಾಯ್ಡ್ 1917ರಲ್ಲಿ ಬರೆದಾಗಿನಿಂದ, ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ದುಃಖದ ಕೆಲಸ ಎಂಬ ನಂಬಿಕೆ ಬೇರೂರಿತು. 1969ರಲ್ಲಿ ಮನೋವೈದ್ಯೆ ಕುಬ್ಲರ್-ರಾಸ್ ಹೇಳಿದ ಐದು ಹಂತಗಳನ್ನು (ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ) ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಆದರೆ ಅವರು ಮಾತಾಡಿಸಿದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳನ್ನು, ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯನ್ನಲ್ಲ. 1996ರಲ್ಲಿ ಡೆನಿಸ್ ಕ್ಲಾಸ್ ಎಂಬ ಸಂಶೋಧಕ ಮತ್ತು ಜೊತೆಗಾರರು, ಮನಸ್ಸನ್ನು ಬಿಡಿಸಿಕೊಳ್ಳಬೇಕು ಎಂಬ ಆ ನಂಬಿಕೆಯನ್ನು ತಿರುಗಿಸಿ ಹಾಕಿದರು. ಸತ್ತವರ ಜೊತೆಗಿನ ನಂಟು ಉಳಿಯುತ್ತದೆ, ರೂಪ ಬದಲಿಸುತ್ತದೆ, ಅದು ರೋಗವಲ್ಲ ಎಂದರು. ಮಾರ್ಲಮಿ ಹಬ್ಬಕ್ಕೆ ಹಿರಿಯರಿಗೆ ಎಡೆ ಮಡಗಿ, ಹೊಸ ಬಟ್ಟೆ ಇಟ್ಟು, ಅವರಿಗಿಷ್ಟವಾದ ಅಡುಗೆ ಬಡಿಸುವ ಮಂಡ್ಯದ ಅಜ್ಜಿಯರಿಗೆ ಇದನ್ನು ಹೊಸ ಸಂಶೋಧನೆ ಎಂದು ಹೇಳಿದರೆ ನಗುತ್ತಾರೆ.

ದೀರ್ಘಕಾಲದ ದುಃಖದ ಕಾಯಿಲೆ ಎಂಬುದು ಈಗ ವೈದ್ಯರ ರೋಗಪಟ್ಟಿಯಲ್ಲಿದೆ, ನಿಜ. ಸಾವಾಗಿ ಕನಿಷ್ಠ 6 ತಿಂಗಳು ಕಳೆದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಐಸಿಡಿ-11 ಹೇಳುತ್ತದೆ. ಅಮೆರಿಕದ ಮನೋವೈದ್ಯರ ಪಟ್ಟಿ, 2022ರ ಪರಿಷ್ಕರಣೆಯಲ್ಲಿ, ದೊಡ್ಡವರಿಗೆ 12 ತಿಂಗಳು ಎನ್ನುತ್ತದೆ. ಬರೀ ತಿಂಗಳು ಎಣಿಸಿದರೆ ಸಾಲದು. ದುಃಖ ಆಯಾ ಸಮಾಜದ ರೂಢಿಯನ್ನು ಮೀರಿರಬೇಕು, ಬದುಕು ನಡೆಯದಂತೆ ಮಾಡಿರಬೇಕು. ಇವರು ಉಣ್ಣುತ್ತಿದ್ದರು, ಗದ್ದೆಗೆ ಹೋಗುತ್ತಿದ್ದರು, ಕಬ್ಬು ಕಡಿಸಿ ಕೂಳೆ ಬಿಟ್ಟಿದ್ದರು. ನಿದ್ದೆ ಮಾತ್ರ ಕಮ್ಮಿ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ, ಒಂದಲ್ಲ, ಪ್ರತಿ ಭೇಟಿಯಲ್ಲೂ. "ಹೋಗ್ಬೇಕು ಅನ್ಸಲ್ಲ, ಇದ್ದು ಏನ್ಮಾಡಾನ ಅನ್ಸುತ್ತೆ" ಎಂದರು. ಎರಡಕ್ಕೂ ವ್ಯತ್ಯಾಸ ಇದೆ, ಆದರೂ ಎಚ್ಚರ ಬೇಕು. ರಾತ್ರಿ ಹೊತ್ತು ಬೇಕಾದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನು ಮಗಳ ಫೋನಿನಲ್ಲೂ ಅಪ್ಪನ ಫೋನಿನಲ್ಲೂ ಹಾಕಿಸಿದೆ. ಮಾತ್ರೆ ಬೇಕಾಗಲಿಲ್ಲ.

ರಾತ್ರಿ ಹನ್ನೊಂದೂವರೆಯ ಕಾಯುವಿಕೆಯನ್ನು ನಾನು ಮುಟ್ಟಲು ಹೋಗಲಿಲ್ಲ. ಅಲ್ಲಿ ಸಂಜೆ ಆರಕ್ಕೆ, ಕೆಲಸಕ್ಕೆ ಹೊರಡುವ ಮುಂಚೆ, ಮಗ ಫೋನ್ ಮಾಡುತ್ತಿದ್ದ. ಆ ಹೊತ್ತಿಗೆ ಅಪ್ಪನಿಗೆ ಎಚ್ಚರವಾಗಿರುವುದು ರೂಢಿ. ಅಷ್ಟೇ.

ಕೆಲಸ ಮಾಡಬೇಕಾಗಿದ್ದು ಸುತ್ತಲಿನವರ ಮೇಲೆ. ಮಗಳನ್ನೂ ಸೋದರಮಾವನನ್ನೂ ಕೂರಿಸಿಕೊಂಡು ಒಂದೇ ಒಂದು ಕೆಲಸ ಕೊಟ್ಟೆ. ವಾರಕ್ಕೊಂದು ಸಲ, ಹುಡುಗನ ಹೆಸರು ಹಿಡಿದು, ಅಪ್ಪನಿಗೆ ಒಂದು ಪ್ರಶ್ನೆ ಕೇಳಬೇಕು. ಸಮಾಧಾನ ಹೇಳಬಾರದು. "ದೇವರಿಗೆ ಇಷ್ಟವಾದವರನ್ನ ಬೇಗ ಕರ್ಕೊಳ್ತಾನೆ" ಅನ್ನುವುದಂತೂ ಬೇಡವೇ ಬೇಡ. ಮಾವ ಲಾರಿ ಇಟ್ಟುಕೊಂಡಿರುವವರು, ಗಟ್ಟಿ ಆಳು. ಸಾಲ ತೀರಿಸಲು ತಯಾರಿದ್ದ ಆ ಮನುಷ್ಯನಿಗೆ ಒಂದು ಪ್ರಶ್ನೆ ಕೇಳಲು ಮೂರು ವಾರ ಹಿಡಿಯಿತು. ಕೊನೆಗೊಂದು ಭಾನುವಾರ ಕೇಳಿದರಂತೆ: "ಭಾವ, ಅಲ್ಲಿ ಅವ್ನು ಹಿಟ್ಟು ಮಾಡ್ಕತಿದ್ನಾ?"

ಅಪ್ಪ ಒಂದು ಗಂಟೆ ಮಾತಾಡಿದರು. ಹೊರಡುವಾಗ ಬ್ಯಾಗಿನಲ್ಲಿ ನಾಲ್ಕು ಕೆಜಿ ರಾಗಿಹಿಟ್ಟು, ಒಂದು ಮುದ್ದೆ ಕೋಲು ಇಟ್ಟುಕೊಂಡು ಹೋಗಿದ್ದು. ಮೊದಲ ಸಲ ಮುದ್ದೆ ಕಟ್ಟಲು ಹೋಗಿ ಪಾತ್ರೆ ಸೀದು, ಹೊಗೆಗೆ ಅಲಾರಾಂ ಹೊಡೆದುಕೊಂಡು, ಇಡೀ ಮನೆಯ ಹುಡುಗರು ಚಳಿಯಲ್ಲಿ ಬೀದಿಗೆ ಓಡಿದ್ದು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಹೊತ್ತು ಮುಳುಗಿದ ಮೇಲೆ ಊಟ ಅಂದರೆ ಇಲ್ಲಿ ನಾಲ್ಕಕ್ಕೇ ಉಣ್ಣಬೇಕು ಎಂದು ನಗಾಡಿದ್ದು. ಇನ್ನೊಂದು ಮಾತನ್ನು ಅಪ್ಪ ನನಗೂ ಎರಡು ಸಲ ಹೇಳಿದ್ದಾರೆ. ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವನು ಮಾಡಿದ್ದು ಅದೇ ಶೆಫೀಲ್ಡಿನಲ್ಲಿ. "ಅಪ್ಪಾ, ನಮ್ಮನೆ ಸ್ಟೀಲ್ ಚೊಂಬಿನ ತವರೂರು ಇದು" ಎಂದಿದ್ದನಂತೆ.

ಇನ್ನು ತಾಯಿ. ಅಪ್ಪನಿಗೆ ಅವರ ಮೇಲೆ ಸಿಟ್ಟಿತ್ತು. "ಅವ್ಳು ಮರ್ತವ್ಳೆ. ಹೆಸ್ರೇ ಎತ್ತಕ್ಕಿಲ್ಲ." ತಾಯಿ ನನ್ನ ಹತ್ತಿರ ಬರಲು ಒಪ್ಪಲಿಲ್ಲ. ನಾನೇ ಒಂದು ದಿನ ಮನೆಗೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವರು ಹಿಟ್ಟು ತಿರುವುತ್ತಿದ್ದರು. ಒಲೆಯ ಪಕ್ಕದ ಗೂಡಿನಲ್ಲಿ ಕಪ್ಪಾದ ಹಳೆಯ ಕೋಲು ಇತ್ತು, ಕೈಯಲ್ಲಿದ್ದದ್ದು ಬೇರೆ, ಚಿಕ್ಕದು, ತುದಿ ಸ್ವಲ್ಪ ಸುಟ್ಟದ್ದು. ಮಗಳು ನನ್ನ ಕಿವಿಯಲ್ಲಿ ಹೇಳಿದರು. ಮಗನ ಸಾಮಾನಿನ ಪೆಟ್ಟಿಗೆ ಬಂದಾಗ ಲ್ಯಾಪ್‌ಟಾಪು, ಜಾಕೆಟ್ಟು ಯಾವುದನ್ನೂ ತಾಯಿ ಮುಟ್ಟಲಿಲ್ಲ. ಆ ಕೋಲನ್ನು ಮಾತ್ರ ತೆಗೆದುಕೊಂಡರು. ಅವತ್ತಿನಿಂದ ದಿನಾ ಎರಡು ಹೊತ್ತು ಮುದ್ದೆ ಅದರಲ್ಲೇ.

ಆ ಮುದ್ದೆಯನ್ನೇ ಉಣ್ಣುತ್ತಿದ್ದ ಅಪ್ಪನಿಗೆ ಇದು ಗೊತ್ತೇ ಇರಲಿಲ್ಲ. ಮಗಳು ಹೇಳಿದ ಮೇಲೆ ಅವರು ಏನೂ ಅನ್ನಲಿಲ್ಲವಂತೆ. "ಅವ್ಳು ಮರ್ತವ್ಳೆ" ಎಂಬ ಮಾತು ಆಮೇಲೆ ನನ್ನ ಕೋಣೆಯಲ್ಲಿ ಕೇಳಲಿಲ್ಲ.

ಒಂದು ಭೇಟಿಯಲ್ಲಿ ಅಪ್ಪ, ಮಗ ಬಿದ್ದ ಜಾಗ ನೋಡಬೇಕು ಎಂದರು. ಹೋಗುವುದಂತೂ ಆಗದು. ಪರದೇಶದ ಸಾವಿನಲ್ಲಿ ಈ ಕಷ್ಟ ಬೇರೆಯೇ. ಆಸ್ಪತ್ರೆ ಹೇಗಿತ್ತು, ರಸ್ತೆ ಅಗಲವೋ ಕಿರಿದೋ, ಲೈಟು ಇತ್ತೋ ಇಲ್ಲವೋ, ಕಲ್ಪಿಸಿಕೊಳ್ಳಲು ಒಂದು ಹಿಡಿ ಮಣ್ಣೂ ಸಿಗುವುದಿಲ್ಲ. ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ ತೆಗೆದು, ಬೀದಿಯ ಚಿತ್ರ ತೋರಿಸುವ ಸೌಲಭ್ಯದಲ್ಲಿ ಗೋದಾಮಿನ ಗೇಟಿನಿಂದ ಬಸ್ ಸ್ಟಾಪಿನವರೆಗೆ ಹೋದೆವು. ನಾನು ಒತ್ತುತ್ತಿದ್ದೆ, ಅವರು "ನಿಲ್ಸಿ" ಎಂದಾಗ ನಿಲ್ಲಿಸುತ್ತಿದ್ದೆ. ನಲವತ್ತು ನಿಮಿಷ ಹಿಡಿಯಿತು. ಅಂಗಡಿ, ಇಟ್ಟಿಗೆಯ ಮನೆಗಳು, ದಿಬ್ಬ. "ಇದು ಚಾಮುಂಡಿ ಬೆಟ್ಟದ ಹಂಗೇ ಹತ್ತಬೇಕಲ್ಲ" ಎಂದರು. ಹಾಗೇನೂ ಇರಲಿಲ್ಲ, ಆದರೆ ನಾನು ತಿದ್ದಲಿಲ್ಲ. ಸ್ಟಾಪು ಬಂತು. ಒಂದು ಗಾಜಿನ ಗೂಡು, ಒಂದು ಬೆಂಚು, ಹಿಂದೆ ಹಸಿರಾದ ದೊಡ್ಡ ಮರ.

ಬಹಳ ಹೊತ್ತು ನೋಡಿ ಹೇಳಿದರು: "ಅವ್ನು ಬಂದಾಗ ಈ ಮರದಲ್ಲಿ ಎಲೆ ಇರ್ಲಿಲ್ಲ. ಬೋಳು ಮರದ ಫೋಟೋ ಕಳ್ಸಿದ್ದ."

ಚಿತ್ರ ತೆಗೆದದ್ದು ಬೇಸಗೆಯಲ್ಲಿ. ಮೂಲೆಯಲ್ಲಿ ತಿಂಗಳು ಬರೆದಿತ್ತು.

ಮಗಳು ಮುಚ್ಚಿಟ್ಟಿದ್ದ ಒಂದು ಕಾಗದ ಇತ್ತು. ಆಗಸ್ಟಿನಲ್ಲೇ ಬಂದ ಪೋಸ್ಟ್‌ಮಾರ್ಟಂ ವರದಿ. ಹೈಪರ್ಟ್ರೋಫಿಕ್ ಕಾರ್ಡಿಯೋಮಯೋಪತಿ, ಅಂದರೆ ಹೃದಯದ ಗೋಡೆ ದಪ್ಪವಾಗುವ ಕಾಯಿಲೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ, ಎಷ್ಟೋ ಜನಕ್ಕೆ ಗೊತ್ತೇ ಆಗದೆ ಮುಪ್ಪಾಗುತ್ತಾರೆ. ಕೆಲವರಲ್ಲಿ ಮಾತ್ರ ಬಡಿತ ಇದ್ದಕ್ಕಿದ್ದಂತೆ ಹಾದಿ ತಪ್ಪುತ್ತದೆ. ಇದು ಸಾಮಾನ್ಯವಾಗಿ ವಂಶದಲ್ಲಿ ಬರುವಂಥದ್ದು. ತಂದೆ ಅಥವಾ ತಾಯಿಗೆ ಆ ಜೀನ್ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ವರದಿಯಲ್ಲಿ ಬರೆದಿತ್ತು. ಅದನ್ನು ಓದಿ ಮಗಳು ಹೆದರಿ, ಪತ್ರವನ್ನು ಹಾಸಿಗೆಯ ಕೆಳಗೆ ಇಟ್ಟುಬಿಟ್ಟಿದ್ದರು. ಇದನ್ನು ಮುಂದೂಡಬಾರದು ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಈ ಪ್ರಕರಣದಲ್ಲಿ ನಾನು ಒತ್ತಾಯ ಮಾಡಿದ್ದು ಇದೊಂದಕ್ಕೇ.

2024ರ ಜನವರಿಯಲ್ಲಿ ಮೂವರೂ ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆಗೆ ಹೋದರು. ಇಸಿಜಿ, ಎಕೋ. ತಾಯಿಗೆ ಏನೂ ಇಲ್ಲ. ಮಗಳಿಗೆ ಸದ್ಯಕ್ಕೆ ಇಲ್ಲ, ಆದರೆ ಕೆಲವು ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು. ಅಪ್ಪನ ಹೃದಯದ ನಡುಗೋಡೆ ದಪ್ಪಗಿತ್ತು. ಮಾತ್ರೆ ಬರೆದುಕೊಟ್ಟರು, ಭಾರ ಎತ್ತಬೇಡಿ ಎಂದರು.

ಮುಂದಿನ ಭೇಟಿಗೆ ನಾನು ಹೆದರಿಕೊಂಡೇ ಕಾದಿದ್ದೆ. ನನ್ನಿಂದಲೇ ಹೋಯಿತು ಎಂಬ ಮಾತು ಬಂದರೆ ಏನು ಹೇಳುವುದು ಎಂದು ಯೋಚಿಸಿ ಇಟ್ಟುಕೊಂಡಿದ್ದೆ. ಬಂತು ಕೂಡ. ಆದರೆ ನಾನು ಕಾದಿದ್ದ ಹಾಗಲ್ಲ. "ನಮ್ಮಪ್ಪನೂ ಗದ್ದೆಲೇ ಬಿದ್ದು ಹೋದ, ನಲವತ್ತೆರಡಕ್ಕೆ. ಮಾಟ ಅಂದ್ರು" ಎಂದರು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡರು. "ಚಳಿ ಆಗಿ ಸತ್ನಾ, ಹಸ್ಕಂಡು ಸತ್ನಾ, ಅಲ್ಲಿ ಯಾರಾದ್ರೂ ಏನಾದ್ರೂ ಮಾಡಿದ್ರಾ ಅಂತ ವರ್ಷ ಪೂರ್ತಿ ತಲೆ ಕೆಡಿಸ್ಕಂಡೆ. ಮನೆಯದ್ದೇ." ತಪ್ಪು ತನ್ನದು ಎಂಬ ಭಾರ ಇರಲಿಲ್ಲ ಎನ್ನಲಾರೆ, ಅದು ಮುಂದಿನ ಹಲವು ಭೇಟಿಗಳಲ್ಲಿ ಮತ್ತೆ ಮತ್ತೆ ಬಂತು. ಆದರೆ ಅವತ್ತು ಅವರ ಮುಖದಲ್ಲಿ ಕಂಡದ್ದನ್ನು ಸಮಾಧಾನ ಎಂದೇ ಬರೆದುಕೊಂಡಿದ್ದೇನೆ.

ಫೆಬ್ರವರಿಗೆ ವರ್ಷದ ಎಡೆ ಬಂತು. ಮತ್ತೆ ಜಗಳ. ಮರಣ ಪ್ರಮಾಣಪತ್ರದಲ್ಲಿ ಮಂಗಳವಾರದ ತಾರೀಖು, ಇಲ್ಲಿ ಆಗ ಬುಧವಾರವಾಗಿತ್ತು. ಸತ್ತ ಊರಿನ ದಿನವೇ ಸರಿ ಎಂದು ದೊಡ್ಡಪ್ಪ, ಹುಟ್ಟಿದ ಊರಿನದು ಎಂದು ಮಾವ. ಪಂಚಾಂಗ ತಂದರು, ಫೋನಿನಲ್ಲಿ ಯಾರನ್ನೋ ಕೇಳಿದರು. ಒಳಗಿನಿಂದ ತಾಯಿ ಬಂದು ಹೇಳಿದರಂತೆ: "ವಾರ ಯಾವ್ದಾದ್ರೂ ಆಗ್ಲಿ. ಹೊತ್ತು ಒಂದೇ ಅಲ್ವಾ?" ಅವತ್ತು ಅವರು ಮೂರಕ್ಕೇ ಎದ್ದು ಮುದ್ದೆ, ಅವರೆಕಾಳು ಸಾರು ಮಾಡಿದರು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಹೊಂಗೆಮರದ ಕೆಳಗೆ ಎಡೆ ಮಡಗಿದರು. ಅಪ್ಪ ಟಾರ್ಚು ಹಿಡಿದಿದ್ದರು. ಬೀರುವಿನಲ್ಲಿದ್ದ ಫೋಟೋವನ್ನು ತಾಯಿಯೇ ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದರು.

ಹದಿಮೂರು ತಿಂಗಳಲ್ಲಿ ಹನ್ನೊಂದು ಭೇಟಿಯಾದವು. ನಿದ್ದೆ ಸುಧಾರಿಸಿದೆ. ಬಸ್ಸಿನಲ್ಲಿ ಈಗಲೂ ಒಮ್ಮೊಮ್ಮೆ ಮಗ ಇಂಗ್ಲೆಂಡಿನಲ್ಲಿದ್ದಾನೆ ಎನ್ನುತ್ತಾರಂತೆ. ಮಾತಾಡುವ ಮೂಡು ನೋಡಿಕೊಂಡು ಎಂದು ಅವರೇ ಹೇಳಿದರು. ಬಿಡಿಸಬೇಕು ಎಂದು ನನಗೆ ಅನ್ನಿಸಲಿಲ್ಲ.

2024ರ ಡಿಸೆಂಬರ್‌ನಲ್ಲಿ ಕೊನೆಯ ಸಲ ಬಂದಾಗ ಬೇಗ ಹೊರಡಬೇಕು ಎಂದರು. ಬ್ಯಾಂಕು ಮುಚ್ಚುವುದರೊಳಗೆ ಮಂಡ್ಯ ತಲುಪಬೇಕಿತ್ತು. ನನ್ನ ಮೇಜಿನ ಮೇಲೇ ಚಲನ್ ಇಟ್ಟುಕೊಂಡು, ಪೆನ್ನು ಕೇಳಿ, ಹೆಸರು ಬರೆದರು. ನಿಧಾನವಾಗಿ, ಒತ್ತಿ.

"ಇನ್ನೆಷ್ಟು ಉಳಿದಿದೆ?" ಎಂದೆ.

"ಇಪ್ಪತ್ತು."

ಅದಾದ ಮೇಲೆ ಏನು ಎಂದು ಕೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಅವರೇ ಪೆನ್ನಿನ ಮುಚ್ಚಳ ಹಾಕುತ್ತಾ ಹೇಳಿದರು: "ತೀರ್ದ ಮೇಲೆ ಪತ್ರ ಕೊಡ್ತಾರಂತೆ, ಬಾಕಿ ಏನೂ ಇಲ್ಲ ಅಂತ. ಅದ್ರಲ್ಲಿ ಅವರೇ ಹೆಸ್ರು ಟೈಪ್ ಮಾಡ್ತಾರೆ. ಸ್ಪೆಲ್ಲಿಂಗ್ ಸರಿಯಾಗಿ ಹಾಕ್ರವ್ವ ಅಂತ ಈಗ್ಲೇ ಹೇಳಿವ್ನಿ."